ಹಳೇ ಕಾಲದ ಕ್ರಿಸ್ಮಸ್ ಬಾಗಿಲು

ಶೀಳನೆರೆಯ ದೊಡ್ಡಬೀರಯ್ಯ ಒಂದು ಮಾತು ಆಡಿದರೆ ಊರಿನವರು ಅದನ್ನು ಮೊದಲು ಅರ್ಧಕ್ಕೆ ಮುರಿಯುತ್ತಿದ್ದರು, ಉಳಿದ ಅರ್ಧವನ್ನು ಮತ್ತೆ ಮುರಿಯುತ್ತಿದ್ದರು, ಕೊನೆಗೆ ಉಳಿದ ಚೂರನ್ನು ಬೇಕಾದರೆ ಕಿವಿಗೆ ಹಾಕಿಕೊಳ್ಳುತ್ತಿದ್ದರು. ಚಿರತೆ ಕಂಡೆ ಅಂದನೆಂದರೆ ಅದು ಕಾಡುಬೆಕ್ಕು. ಸತ್ತು ಬದುಕಿದೆ ಅಂದನೆಂದರೆ ನೆಗಡಿ. ಅವನ ಟಗರು ಒಮ್ಮೆ ಗುದ್ದಿದ ಏಟಿಗೆ ಕೆ.ಆರ್.ಪೇಟೆ ಬಸ್ಸು ಡ್ರೈವರು ಗೇರು ಹಾಕದೆಯೇ ಹಿಂದಕ್ಕೆ ಹೊರಟು ಕೆ.ಆರ್.ಪೇಟೆಯಲ್ಲೇ ಹೋಗಿ ನಿಂತಿತಂತೆ. ಕಂಡಕ್ಟರು ಮಾರನೇ ದಿನ ಬಂದು ಟಗರಿಗೆ ಕೈಮುಗಿದನಂತೆ. ಅವನ ಅಪ್ಪನ ಕಾಲದ ಕರಿ ಕಂಬಳಿ ಕೆರೆಗೆ ಬಿದ್ದಾಗ ನೀರನ್ನೆಲ್ಲ ಹೀರಿಕೊಂಡು, ಮೀನುಗಳು ಬರೀ ನೆಲದ ಮೇಲೆ ಮಲಗಿ ಪಿಳಿಪಿಳಿ ಕಣ್ಣು ಬಿಟ್ಟವಂತೆ. ಕಂಬಳಿಯನ್ನು ಹಿಂಡಿದ ಮೇಲೇ ಆ ವರ್ಷ ಕೆರೆ ಕೋಡಿ ಬಿದ್ದದ್ದಂತೆ.

ಇದನ್ನೆಲ್ಲ ಕೇಳಿ ಯಾರೂ ಜಗಳಕ್ಕೆ ಬರುತ್ತಿರಲಿಲ್ಲ. ರಂಗಸ್ವಾಮಿಯ ಟೀ ಅಂಗಡಿಯ ಬೆಂಚಿನ ಮೇಲೆ ಸರಿದು ಜಾಗ ಕೊಡುತ್ತಿದ್ದರು, ಅಷ್ಟೇ. ನಂಬುತ್ತಿದ್ದವಳು ಒಬ್ಬಳೇ, ಅವನ ಮಗಳು ಲತ. ಸಣ್ಣವಳಿದ್ದಾಗ ಕಂಬಳಿಯ ಕಥೆ ಕೇಳಿ, ಮನೆಯ ಕಂಬಳಿಯ ಒಂದು ಮೂಲೆಯನ್ನು ದನದ ಬಾನಿಗೆ ಇಳಿಬಿಟ್ಟು ಸಂಜೆಯವರೆಗೂ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ನೀರು ಒಂದು ಗೆರೆಯಷ್ಟು ತಗ್ಗಿತ್ತು. ಅಪ್ಪ ಹೇಳಿದ್ದು ನಿಜ, ಆದರೆ ನಿಧಾನ ಆಗುತ್ತದೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು.

ಅವಳು ಬೆಳೆದು, ಪಾಂಡವಪುರದಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದ ಅಂತೋಣಿರಾಜನನ್ನು ಮೆಚ್ಚಿದಳು. ಅವನದು ಶ್ರೀರಂಗಪಟ್ಟಣದ ಗಂಜಾಂ, ತಾತ ಮುತ್ತಾತಂದಿರ ಕಾಲದಿಂದ ಚರ್ಚಿಗೆ ಹೋಗುವ ಮನೆ. ಇತ್ತ ದೊಡ್ಡಬೀರಯ್ಯ, ಲತ ತೊಟ್ಟಿಲಲ್ಲಿದ್ದಾಗಲೇ ಅವಳು ತನ್ನ ಅಕ್ಕನ ಮಗ ಕನಕರಾಜುವಿಗೇ ಎಂದು ಊರಿಗೆಲ್ಲ ಸಾರಿಬಿಟ್ಟಿದ್ದ. ಅವಳು ರಿಜಿಸ್ಟರ್ ಮದುವೆ ಮಾಡಿಕೊಂಡು ಗಂಡನ ಜೊತೆ ಬಾಗಿಲಿಗೆ ಬಂದು ನಿಂತಾಗ ಇಡೀ ಬೀದಿಯೇ ಹೊರಗೆ ಬಂದು ನೋಡುತ್ತಿತ್ತು. ಅಷ್ಟು ಜನ ಸೇರಿದ ಮೇಲೆ ದೊಡ್ಡಬೀರಯ್ಯನಿಂದ ಸಣ್ಣ ಮಾತು ಬರುವುದುಂಟೆ?

“ಮಾರಮ್ಮನ್ನ ಬೇಕಾರೆ ಕೈಮುಗ್ದು ಒಳಿಕ್ಕೆ ಕರ್ಕತೀನಿ ಕಣವ್ವಾ, ನಿನ್ನ ಕರ್ಕಳಾಕಿಲ್ಲ. ಓಯ್ತಾ ಇರು,” ಅಂದುಬಿಟ್ಟ.

ಮಾರಮ್ಮ ಅಂದರೆ ಆ ಕಡೆ ಎಲ್ಲರಿಗೂ ತಾಯಿ, ಎಲ್ಲರಿಗೂ ಭಯ. ಮನೆಯಲ್ಲಿ ಯಾರಿಗಾದರೂ ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಬಂದಿದ್ದಾಳೆ ಅನ್ನುತ್ತಾರೆ. ಅವಳು ಇದ್ದಷ್ಟು ದಿನ ಆ ಮನೆಗೆ ಹೊರಗಿನವರು ಕಾಲಿಡುವುದಿಲ್ಲ, ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗುವುದಿಲ್ಲ, ಹೋಗಿ ಬರುತ್ತೇನೆ ಎಂದೂ ಹೇಳುವುದಿಲ್ಲ. ಅಂಥವಳನ್ನು ಯಾರೂ ತಾವಾಗಿ ಮನೆಗೆ ಕರೆಯುವುದಿಲ್ಲ. ಅವಳನ್ನಾದರೂ ಕರೆದೇನು, ನಿನ್ನನ್ನಲ್ಲ ಎಂದರೆ ಅದಕ್ಕಿಂತ ದೊಡ್ಡ ಮಾತು ಕನ್ನಂಬಾಡಿ ಕಟ್ಟೆಯೊಳಗೂ ಹಿಡಿಸುವುದಿಲ್ಲ.

ಬೀದಿಯವರು ಎಂದಿನಂತೆ ಆ ಮಾತನ್ನೂ ಮುರಿದು ಮುರಿದು ನೋಡಿದರು. ಸಂಜೆ ಹೊತ್ತಿಗೆ ಕೋಪ ಇಳಿಯುತ್ತದೆ, ಆಗ ಬಾ ಅನ್ನುವ ಚೂರು ಉಳಿಯಿತು. ದೊಡ್ಡಬೀರಯ್ಯನ ಲೆಕ್ಕವೂ ಅದೇ. ಒಳಗೆ ಹೋಗಿ ಹೆಂಡತಿ ಬೀರಮ್ಮನಿಗೆ ರಾತ್ರಿಗೆ ಇನ್ನೆರಡು ಮುದ್ದೆಯ ಹಿಟ್ಟು ಜಾಸ್ತಿ ಹಾಕು ಅಂದಿದ್ದ. ಆದರೆ ಲತಳಿಗೆ ಅಪ್ಪನ ಮಾತನ್ನು ಮುರಿಯುವ ಅಭ್ಯಾಸವೇ ಇರಲಿಲ್ಲ. ಇಡಿಯಾಗಿ ತೆಗೆದುಕೊಂಡು ಹೊರಟುಹೋದಳು.

ನಾಲ್ಕು ವರ್ಷ ಆಯಿತು. ಮೊದಮೊದಲು ಬೀರಮ್ಮ ಸಂಜೆಯಾದರೆ ಮುಂಬಾಗಿಲಿಗೆ ಬಂದು ಬೀದಿಯ ತಿರುವು ನೋಡುತ್ತಿದ್ದಳು. ಆಮೇಲೆ ನೋಡುವುದನ್ನು ಬಿಟ್ಟಳು. ಆಮೇಲೆ ಆ ಬಾಗಿಲನ್ನೇ ಬಿಟ್ಟಳು. ನೀರಿಗೆ ಹೋದರೂ, ಕುರಿಗೆ ಸೊಪ್ಪು ತಂದರೂ ಹಿತ್ತಲ ಬಾಗಿಲಿನಿಂದಲೇ. ಮನೆಗೆ ಮುಂಬಾಗಿಲು ಅನ್ನುವುದೊಂದು ಇದೆ ಎಂಬುದು ಅವಳ ಮಟ್ಟಿಗೆ ಮರೆತುಹೋದ ಸಂಗತಿ.

ಕನಕರಾಜು ಯಾವ ಹಗೆಯನ್ನೂ ಇಟ್ಟುಕೊಂಡವನಲ್ಲ. ಯಶೋಧಳನ್ನು ಮದುವೆಯಾಗಿ ಕೆ.ಆರ್.ಪೇಟೆಯಲ್ಲಿ ಮದುವೆ ಸ್ಟೇಜು ಸಿಂಗರಿಸುವ ಕೆಲಸ ಹಿಡಿದಿದ್ದ. ಧನುರ್ಮಾಸ ಬಂತೆಂದರೆ ಮದುವೆಗಳು ನಿಲ್ಲುತ್ತವೆ, ಸ್ಟೇಜಿನವರು ನೊಣ ಹೊಡೆಯುತ್ತಾರೆ. ಆ ತಿಂಗಳು ಅವನು ಬೆಳಗೊಳದ ಹತ್ತಿರ ಒಂದು ರೆಸಾರ್ಟಿಗೆ ಕ್ರಿಸ್ಮಸ್ ಅಲಂಕಾರ ಒಪ್ಪಿಕೊಂಡಿದ್ದ. ಸಾಮಾನು ಹುಡುಕಿಕೊಂಡು ಗಂಜಾಂಗೆ ಹೋದವನಿಗೆ ಲತ ಸಿಕ್ಕಳು. ತೊಡೆಯ ಮೇಲೆ ಹಾಲು ಕುಡಿಯುವ ಕೂಸು. ಕನಕರಾಜು ಅವಳ ಮುಂದೆ ಕುಳಿತು, ನಿಮ್ಮಪ್ಪ ಆ ದಿನ ಆಡಿದ್ದು ಬರೀ ಬಾಯಿಮಾತು, ಆ ಮಾತಿಗೆ ಅವನೇ ಸವೆದು ಅರ್ಧ ಆಗಿದ್ದಾನೆ ಎಂದೆಲ್ಲ ಹೇಳಿ, ಅವಳು ಅತ್ತು, ಅವನು ಟೀ ಆರಿಸಿಕೊಂಡು, ಕಡೆಗೆ ಒಂದು ಒಪ್ಪಂದವಾಯಿತು. ಕ್ರಿಸ್ಮಸ್ ದಿನ ಮಧ್ಯಾಹ್ನ ಅವಳು ಗಂಡ, ಕೂಸಿನ ಜೊತೆ ಕಾರಿನಲ್ಲಿ ಶೀಳನೆರೆಗೆ ಬರುತ್ತಾಳೆ. ಬೀದಿಯ ತಿರುವಿನಲ್ಲಿ ನಿಲ್ಲುತ್ತಾಳೆ. ಅಲ್ಲಿಂದ ಮನೆಯ ಬಾಗಿಲು ಕಾಣುತ್ತದೆ. ಬಾಗಿಲು ಕರೆದರೆ ಬರುತ್ತಾಳೆ. ಇಲ್ಲವಾದರೆ ಅಲ್ಲಿಂದಲೇ ಹಿಂದಕ್ಕೆ, ಮತ್ತೆ ಯಾರೂ ಅವಳ ಹತ್ತಿರ ಶೀಳನೆರೆಯ ಹೆಸರು ಎತ್ತುವಂತಿಲ್ಲ.

“ಅಪ್ಪನ ಮಾತು ಬ್ಯಾಡ ಕಣ್ ಬಾವ. ನಾನು ಬಾಗ್ಲು ನೋಡ್ತೀನಿ,” ಅಂದಳಂತೆ.

ಕನಕರಾಜು ಬಂದು ಇದನ್ನು ಹೇಳಿದಾಗ ದೊಡ್ಡಬೀರಯ್ಯ ಎದ್ದು ನಿಂತ, ಕುಳಿತ, ಮತ್ತೆ ಎದ್ದ. ಬೀರಮ್ಮ ಒಲೆಯ ಮುಂದಿನಿಂದ ತಿರುಗಲಿಲ್ಲ.

“ಬರಾಕಿಲ್ಲ ಅವ್ಳು,” ಅಂದಳು. ಮತ್ತೆ ಸೌದೆ ಒಳಗೆ ತಳ್ಳಿದಳು.

ಕನಕರಾಜುವಿನ ಬೈಕಿನಲ್ಲಿ ದೊಡ್ಡಬೀರಯ್ಯ ಗಂಜಾಂಗೆ ಹೋದ. ಮಗಳನ್ನು ಮಾತಾಡಿಸುವುದಕ್ಕಲ್ಲ, ಅದು ಒಪ್ಪಂದದಲ್ಲಿ ಇರಲಿಲ್ಲ. ಹಬ್ಬಕ್ಕೆ ಆ ಮನೆಯ ಬಾಗಿಲು ಹೇಗಿದೆ ಎಂದು ನೋಡಿಕೊಂಡು ಬಂದು, ತನ್ನ ಬಾಗಿಲನ್ನೂ ಹಾಗೇ ಸಿಂಗರಿಸುವುದಕ್ಕೆ. ಎದುರು ಸಾಲಿನ ಕಬ್ಬಿನ ಹಾಲಿನ ಗಾಡಿಯ ಮರೆಯಲ್ಲಿ ತಲೆಗೆ ಕಂಬಳಿ ಹೊದ್ದು ನಿಂತ. ಹೆಂಚಿನ ಮನೆ. ಬೇರೆ ಮನೆಗಳ ಹಾಗೆ ಮಿಣಮಿಣ ಮಿನುಗುವ ಕಾಗದವಿಲ್ಲ, ಬಣ್ಣಬಣ್ಣದ ಸೀರಿಯಲ್ ಸೆಟ್ಟಿಲ್ಲ. ಎಲ್ಲ ಲತಳ ಅತ್ತೆಯ ಅಜ್ಜಿಯ ಕಾಲದ ಸಾಮಾನು. ತೂತು ಹೊಡೆದ ತಗಡಿನ ನಕ್ಷತ್ರ, ಒಳಗೆ ದೀಪ. ಜಗುಲಿಯ ಮೇಲೆ ಹುಲ್ಲು ಹಾಸಿದ ಪುಟ್ಟ ಗೋದಲಿ, ಹಳದಿಗಟ್ಟಿದ ಉಣ್ಣೆಯ ಕುರಿಗಳು, ಒಂದಕ್ಕೆ ಕಾಲೇ ಇಲ್ಲ. ಬಾಗಿಲ ನಡುವೆ ಹಸಿರು ಸೊಪ್ಪಿನ ದುಂಡನೆಯ ಸಿಂಬಿ, ಅದರಲ್ಲಿ ಒಣಗಿಸಿದ ಕಿತ್ತಲೆಹಣ್ಣಿನ ಬಿಲ್ಲೆಗಳು, ಸಣ್ಣ ಗಂಟೆ, ಕೆಳಗೆ ಕೆಂಪು ಬಟ್ಟೆಯ ಗಂಟು.

ಬಾಗಿಲು ತೆರೆದುಕೊಂಡಿತು. ಲತ ಹೊರಗೆ ಬಂದಳು. ಸೊಂಟದ ಮೇಲೆ ಕೂಸು. ಒಂದೇ ಕೈಯಲ್ಲಿ ಆ ಕೆಂಪು ಗಂಟನ್ನು ಸರಿಮಾಡಿ, ಒಂದು ಹೆಜ್ಜೆ ಹಿಂದೆ ನಿಂತು ನೋಡಿ, ಒಳಗೆ ಹೋದಳು. ದೊಡ್ಡಬೀರಯ್ಯನ ಬಾಯಿ ಅಷ್ಟು ಹೊತ್ತು ಮುಚ್ಚಿಕೊಂಡಿದ್ದು ಅದೇ ಮೊದಲು. ಕಬ್ಬಿನ ಹಾಲಿನವನು ಇವನಿಗೆ ಮೂಗನೆಂದು ಸನ್ನೆಯಲ್ಲೇ ಲೋಟ ಕೊಟ್ಟ.

ಕನಕರಾಜು ಮೊಬೈಲಿನಲ್ಲಿ ಬಾಗಿಲಿನ ಫೋಟೋ ಹಿಡಿದುಕೊಂಡ. ಇದಕ್ಕೆ ವಿಂಟೇಜ್ ಅಂತಾರೆ ಮಾವ, ರೆಸಾರ್ಟಿನವರು ಕೇಳಿರುವುದೂ ಇದನ್ನೇ, ಅವರ ಹತ್ತಿರ ಹಳೇದು ಇಲ್ಲ, ಅದಕ್ಕೆ ನಾವು ಹೊಸದನ್ನೇ ಟೀ ಡಿಕಾಕ್ಷನ್ನಿಗೆ ಅದ್ದಿ ಹಳೇದು ಮಾಡುತ್ತೇವೆ ಎಂದು ತನ್ನ ಕಸುಬಿನ ಗುಟ್ಟು ಬಿಚ್ಚಿದ.

“ಅಳೇದ್ಕೆ ಇಷ್ಟು ಒದ್ದಾಡ್ತರೇನ್ಲಾ? ನಮ್ಮನೇಲಿ ಒಸದು ಏನದೆ ಏಳು,” ಅಂದ ದೊಡ್ಡಬೀರಯ್ಯ.

ದಾರಿಯಲ್ಲಿ ಕನಕರಾಜು ಇನ್ನೊಂದು ಮಾತು ಹೇಳಿದ. ಅವರ ದೇವರು ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ, ಮೊದಲು ಹೋಗಿ ನೋಡಿದವರು ಕುರಿ ಕಾಯುವವರು. ಇಷ್ಟು ಸಿಕ್ಕರೆ ಸಾಕಲ್ಲ. ಮಾರನೇ ದಿನ ರಂಗಸ್ವಾಮಿಯ ಬೆಂಚಿನ ಮೇಲೆ, ಆ ಕೊಟ್ಟಿಗೆಗೆ ಹೋದವರಲ್ಲಿ ಒಬ್ಬ ಶೀಳನೆರೆ ಕಡೆಯ ಕುರುಬ, ತನ್ನ ಮುತ್ತಾತನ ಮುತ್ತಾತ, ತಪ್ಪಿಸಿಕೊಂಡ ಟಗರನ್ನು ಹುಡುಕುತ್ತ ಹುಡುಕುತ್ತ ಆ ದೇಶಕ್ಕೆ ಹೋಗಿಬಿಟ್ಟಿದ್ದ ಎಂದು ಅವನ ಕಥೆ ಶುರುವಾಯಿತು.

ಪಕ್ಕದ ಬೀದಿಯ ಮರಿಸ್ವಾಮಿ ಬೀಡಿ ಹಚ್ಚುತ್ತ ಕೇಳಿದ, “ಅಂಗಾರೆ ಆ ಕೂಸ್ಗೆ ಒದ್ಸಿದ್ದು ನಮ್ಮೂರ್ ಕಂಬ್ಳಿಯೇ ಅನ್ನು.”

“ಇನ್ನೇನ್ಲಾ ಮತ್ತೆ. ಆ ಚಳೀಲಿ ಟವಲ್ ಒದುಸ್ತಾರಾ?”

“ಕಂಬ್ಳಿ ವಾಪಸ್ ಬಂತಾ?”

“ಕೊಟ್ಟುದ್ನ ಕೇಳ್ತಾರೇನ್ಲಾ ಲೇ.”

ಬೆಂಚು ನಕ್ಕಿತು. ಆ ನಗುವಿನಲ್ಲೇ ದೊಡ್ಡಬೀರಯ್ಯ, ಈ ಸಲ ನಮ್ಮ ಮನೆ ಬಾಗಿಲಿಗೂ ಹಳೇ ಕಾಲದ ಕ್ರಿಸ್ಮಸ್ ಸಿಂಗಾರ ಮಾಡುತ್ತೇನೆ, ಮಗಳು ಬರುತ್ತಾಳೆ ಅಂದ. ಅವನ ಆಯಸ್ಸಿನಲ್ಲಿ ಉಪ್ಪು ಖಾರ ಹಾಕದೆ ಆಡಿದ ಮಾತು ಇದೊಂದೇ ಇರಬೇಕು. ಬೆಂಚಿನವರಿಗೆ ಅದು ಹೇಗೆ ಗೊತ್ತಾಗಬೇಕು? ಅದನ್ನೂ ಅರ್ಧ ಮುರಿದರು, ಮತ್ತೆ ಮುರಿದರು. ಮುದುಕ ಸಂಕ್ರಾಂತಿಗೆ ಸುಣ್ಣ ಬಳಿಸುತ್ತಿರಬೇಕು ಎಂದು ಎದ್ದುಹೋದರು.

ಕೆಲಸ ಭರದಿಂದ ನಡೆಯಿತು. ಅಟ್ಟದಿಂದ ಲಾಟೀನು ಇಳಿಯಿತು, ಕಿಲುಬು ಹಿಡಿದ ಕುರಿಗಂಟೆಗಳು ಇಳಿದವು. ಉಣ್ಣೆ ಮೂಟೆ ಬಿಚ್ಚಿ, ತೆಂಗಿನ ಗರಿಯ ಕಡ್ಡಿಗೆ ಸುತ್ತಿ ಸುತ್ತಿ ಕುರಿ ಮಾಡಿದ. ಗಂಜಾಂನವರ ಕುರಿ ಬೊಂಬೆಗಳು, ಇವನವು ನಿಜವಾದ ಕುರಿಯ ಹಾಗೆ ಕಿವಿ ಜೋಲಿಸಿಕೊಂಡು, ಒಂದೆರಡು ಸೀನುವುದೊಂದು ಬಾಕಿ. ಕಡ್ಡಿ ಕಟ್ಟಿ, ಹಳೆಯ ಪೇಪರನ್ನು ಟೀ ಡಿಕಾಕ್ಷನ್ನಿಗೆ ಅದ್ದಿ ಒಣಗಿಸಿ, ಅಂಟಿಸಿ ಒಂದು ದೊಡ್ಡ ನಕ್ಷತ್ರ ಮಾಡಿದ. ಇನ್ನು ಗೋದಲಿ. ಅದಕ್ಕೆ ಬೊಂಬೆಯದು ಯಾಕೆ? ಕುರಿಮರಿಗಳಿಗೆ ಮೇವು ಹಾಕುತ್ತಿದ್ದ ಮರದ ಗೋದಲಿ ಅವನ ಅಪ್ಪನ ಕಾಲದ್ದು. ಅದನ್ನು ಉಜ್ಜಿ ತೊಳೆದು, ಒಣಗಿಸಿ, ನಡುಮನೆಯಲ್ಲಿಟ್ಟು, ಹೊಸ ರಾಗಿಹುಲ್ಲು ಹಾಸಿ, ಮೇಲೆ ಕಂಬಳಿಯ ತುಂಡು ಹಾಕಿದ. ಲತ ಒಳಗೆ ಬಂದ ಕೂಡಲೇ ಕೂಸನ್ನು ಅದರಲ್ಲಿ ಮಲಗಿಸುವುದು. ಆಮೇಲೆ ಅವಳು ಎಲ್ಲಿಗೆ ಹೋಗುತ್ತಾಳೆ?

ಬೀರಮ್ಮ ಇದಕ್ಕೆಲ್ಲ ಬೆನ್ನು ತಿರುಗಿಸಿಯೇ ಇದ್ದಳು. ಆದರೆ ಒಂದು ಬೆಳಿಗ್ಗೆ ನೋಡಿದರೆ ಗೋದಲಿಯ ಕಂಬಳಿಯ ಮೇಲೆ ಅವಳ ಹಳೆಯ ಮೆತ್ತನೆಯ ಸೀರೆ ನಾಲ್ಕು ಮಡಿಕೆಯಾಗಿ ಹಾಸಿತ್ತು. ಕಂಬಳಿ ಚುಚ್ಚುತ್ತದೆ ಎಂದೂ ಅವಳು ಹೇಳಲಿಲ್ಲ, ಯಾರು ಹಾಸಿದ್ದು ಎಂದು ಅವನೂ ಕೇಳಲಿಲ್ಲ.

ಬಾಗಿಲ ಸಿಂಬಿಗೆ ಅವನು ನಾಲೆ ಏರಿಯಿಂದ ಸರ್ವೆ ಸೊಪ್ಪು ತಂದು ಸುತ್ತಿದ್ದ. ಕಿತ್ತಲೆಹಣ್ಣು ಕೊಯ್ದು ಬಿಸಿಲಿಗಿಟ್ಟಿದ್ದ. ಇಷ್ಟರವರೆಗೆ ಎಲ್ಲ ಫೋಟೋದಲ್ಲಿದ್ದ ಹಾಗೇ.

ಹಬ್ಬದ ಬೆಳಿಗ್ಗೆ ಎದ್ದು ನೋಡುತ್ತಾನೆ, ಬಸ್ಸನ್ನೇ ಹಿಂದಕ್ಕೆ ಕಳಿಸಿದವನ ವಂಶದ ಟಗರು ಹಗ್ಗ ಬಿಡಿಸಿಕೊಂಡು ನಕ್ಷತ್ರವನ್ನು ತಿನ್ನುತ್ತಿದೆ. ಐದು ಮೂಲೆಯಲ್ಲಿ ಮೂರು ಹೊಟ್ಟೆಯೊಳಗೆ, ನಾಲ್ಕನೆಯದು ಬಾಯಲ್ಲಿ. ಸರ್ವೆ ಸೊಪ್ಪು ಬಿಸಿಲಿಗೆ ಕಂದಿ ಹಳೆ ಪೊರಕೆಯಾಗಿತ್ತು. ಕಿತ್ತಲೆಯ ಬಿಲ್ಲೆಗಳು ಒಣಗುವ ಬದಲು ಕೊಳೆತು ಇರುವೆಗಳ ಮದುವೆ ನಡೆದಿತ್ತು. ಕನಕರಾಜುವಿಗೆ ಫೋನು ಹಚ್ಚಿದರೆ ಅವನು ಬೆಳಗೊಳದಲ್ಲಿ ಏಣಿಯ ಮೇಲೆ, ಗೆಸ್ಟುಗಳು ಬಂದುಬಿಟ್ಟಿದ್ದಾರೆ, ಹತ್ತಿರ ಸಿಕ್ಕಿದ್ದರಲ್ಲಿ ಹೇಗಾದರೂ ಮಾಡು ಮಾವ ಎಂದು ಇಟ್ಟುಬಿಟ್ಟ.

ದೊಡ್ಡಬೀರಯ್ಯ ಕನಕರಾಜು ಪ್ರಿಂಟು ಹಾಕಿಸಿಕೊಟ್ಟಿದ್ದ ಫೋಟೋ ಮುಂದೆ ಹಿಡಿದುಕೊಂಡು ಹಿತ್ತಲೆಲ್ಲ ಸುತ್ತಿದ. ಮಾವಿನ ಸೊಪ್ಪು ಕಟ್ಟಿದರೆ ಅದು ನಮ್ಮ ಹಬ್ಬ ಆಗಿಬಿಡುತ್ತದೆ, ಲತಳ ಗಂಡ ನೋಡಿ ಏನಂದುಕೊಂಡಾನು. ಹಲಸಿನ ಎಲೆ ಅಗಲ. ಫೋಟೋದಲ್ಲಿದ್ದದ್ದು ಸಣ್ಣ ಎಲೆ, ಅಂಚಿಗೆ ಗರಗಸದ ಹಲ್ಲು, ಹಚ್ಚ ಹಸಿರು. ಹಿತ್ತಲ ಮೂಲೆಯ ಬೇವಿನ ಮರದಲ್ಲಿ ಅಂಥದ್ದೇ ಎಲೆ ಕೊನೆ ಕೊನೆಯಲ್ಲೂ ತೂಗಾಡುತ್ತಿತ್ತು. ಒಂದು ಹೊರೆ ಮುರಿದು ತಂದು ಸಿಂಬಿಗೆ ಒತ್ತೊತ್ತಾಗಿ ಸುತ್ತಿದ. ಉಳಿದದ್ದನ್ನು ಹಾಳು ಮಾಡುವುದೇಕೆಂದು ಬಾಗಿಲ ಎರಡೂ ಪಕ್ಕ ಗೊಂಚಲಾಗಿ ಸಿಕ್ಕಿಸಿದ. ಕಿತ್ತಲೆಯ ಬದಲಿಗೆ ಹಳದಿ ನಿಂಬೆಹಣ್ಣು, ದಾರಕ್ಕೆ ಪೋಣಿಸಿ ಇಳಿಬಿಟ್ಟ. ಗಂಟಿಗೆ ಬೀರಮ್ಮನ ಕೆಂಪು ರವಿಕೆ ಕಣ. ನಡುವೆ ಕುರಿಗಂಟೆ. ಫೋಟೋದಲ್ಲಿ ಹೊಸಿಲ ಬಳಿ ಮೋಂಬತ್ತಿ ಇಟ್ಟಿದ್ದರು. ಒಲೆಯ ಪಕ್ಕ ತಟ್ಟೆಯಲ್ಲಿ ತಂಬಿಟ್ಟಿತ್ತು. ಲತಳಿಗೆ ಇಷ್ಟ ಅಂತ ಬೀರಮ್ಮ ಯಾರಿಗೂ ಹೇಳದೆ ಕಟ್ಟಿದ್ದು. ಅದರಲ್ಲಿ ಎರಡು ಎತ್ತಿಕೊಂಡು ಬಂದು, ನೆತ್ತಿಯಲ್ಲಿ ಗುಳಿ ಮಾಡಿ, ಮೋಂಬತ್ತಿ ನಿಲ್ಲಿಸಿ, ಹೊಸಿಲ ಎರಡು ಕಡೆ ಇಟ್ಟ.

ಅಷ್ಟು ದಿನ ಆ ಫೋಟೋವನ್ನು ನೋಡಿ ನೋಡಿ ಅವನ ಕಣ್ಣಿಗೆ ಬಾಗಿಲ ಮೇಲೆ ಫೋಟೋ ಒಂದೇ ಕಾಣುತ್ತಿತ್ತು. ಹೊರಗೆ ಬಂದು ನೋಡು ಅಂತ ಹೆಂಡತಿಯನ್ನು ಕರೆದ. ಮಗಳು ಬಂದ ಮೇಲೆ ನೋಡುತ್ತೇನೆ, ಬರದಿದ್ದರೆ ನೋಡಿ ಏನಾಗಬೇಕು ಎಂದು ಬೀರಮ್ಮ ಹಿತ್ತಲಿಗೆ ಹೋದಳು.

ಬಿಸಿಲೇರಿದಂತೆ ಬೀದಿ ವಿಚಿತ್ರವಾಗಿ ನಡೆದುಕೊಳ್ಳತೊಡಗಿತು. ಹಾಲಿನ ಡೈರಿಯಿಂದ ಬರುತ್ತಿದ್ದ ಹೆಂಗಸರು ಜೋರಾಗಿ ಮಾತಾಡಿಕೊಂಡು ಬಂದವರು ಅವನ ಮನೆಯ ಮುಂದೆ ಗಪ್ಪಾದರು, ಸೆರಗು ತಲೆಗೆ ಎಳೆದುಕೊಂಡು ದಾಟಿದರು. ದಿನಾ ಹಾರನ್ನು ಹೊಡೆದು ಕಿವಿ ಕಿತ್ತುಹಾಕುವ ಟ್ರಾಕ್ಟರಿನವನು ಹಾರನ್ನಿನಿಂದ ಕೈ ತೆಗೆದು ಕೈಮುಗಿದ. ಮರಿಸ್ವಾಮಿ ಬೀಡಿ ಬಿಸಾಕಿ, ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ನಿಂತು ಹೋದ. ಕಿಟಕಿಯಿಂದ ಇಣುಕುತ್ತಿದ್ದ ದೊಡ್ಡಬೀರಯ್ಯನಿಗೆ ಎದೆ ಉಬ್ಬಿತು. ಮಾಡಿದ ಕೆಲಸಕ್ಕೆ ಊರು ಕೈಮುಗಿಯುವುದು ಎಂದಾದರೂ ಉಂಟೆ? ಎದುರು ಮನೆಯ ಪುಟ್ಟಲಕ್ಷ್ಮಮ್ಮ ತಂಬಿಗೆಯಲ್ಲಿ ಅರಿಶಿನದ ನೀರು ತಂದು, ಬಾಗಿಲ ಮುಂದೆ ಸದ್ದಾಗದಂತೆ ಹುಯ್ದು, ಹಿಂದೆ ಹಿಂದೆ ಹೆಜ್ಜೆ ಇಟ್ಟು ಹೋದಳು. ಹಬ್ಬಕ್ಕೆ ಅಂಗಳ ತಣ್ಣಗೆ ಮಾಡಿಕೊಟ್ಟಳಲ್ಲ, ಎಷ್ಟಾದರೂ ನೆರೆಯವಳು ಅಂದುಕೊಂಡ.

ಮಧ್ಯಾಹ್ನಕ್ಕೆ ಅವನು ಇನ್ನೊಂದು ತೀರ್ಮಾನ ಮಾಡಿದ. ತಾನು ಬಾಗಿಲಲ್ಲಿ ನಿಲ್ಲಬಾರದು. ನಿಂತರೆ ಬಾಯಿ ಸುಮ್ಮನಿರುವುದಿಲ್ಲ, ಏನಾದರೂ ದೊಡ್ಡದು ಉದುರಿಬಿಡುತ್ತದೆ. ಅವಳು ಕೇಳಿದ್ದು ಬಾಗಿಲನ್ನು. ಬಾಗಿಲೇ ಮಾತಾಡಲಿ. ಕಿಟಕಿಯ ಸರಳು ಹಿಡಿದು ಕುಳಿತ.

ತಿರುವಿನಲ್ಲಿ ಬಿಳಿ ಕಾರು ನಿಂತಿತು. ಲತ ಇಳಿದಳು. ಹಸಿರು ಸೀರೆ, ಹೆಗಲ ಮೇಲೆ ಕೂಸು. ಅಂತೋಣಿರಾಜ ಸ್ಟೇರಿಂಗಿನ ಮುಂದೆಯೇ ಕುಳಿತಿದ್ದ. ಅವಳು ಎರಡು ಹೆಜ್ಜೆ ಬಂದಳು, ನಿಂತಳು. ಬಾಗಿಲನ್ನು ನೋಡಿದಳು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಚಿಕ್ಕಂದಿನಲ್ಲಿ ಬಾನಿಯ ನೀರು ಎಷ್ಟು ತಗ್ಗಿತು ಎಂದು ನೋಡುತ್ತಿದ್ದ ಹಾಗೆ. ಆಮೇಲೆ ಬಗ್ಗಿ, ಒಂದೊಂದೇ ಚಪ್ಪಲಿ ಬಿಟ್ಟಳು.

ದೊಡ್ಡಬೀರಯ್ಯನಿಗೆ ಕಣ್ಣು ಮಂಜಾಯಿತು. ಚಪ್ಪಲಿ ಬಿಟ್ಟಳು ಅಂದರೆ ಮನೆಗೆ ಬಂದಳು ಅಂತಲೇ ಅಲ್ಲವೆ? ಮೋಂಬತ್ತಿ ಹಚ್ಚುವುದನ್ನೇ ಮರೆತಿದ್ದ. ಬೆಂಕಿಪೊಟ್ಟಣಕ್ಕೆ ಒಳಗೆ ಓಡಿದ. ಒಲೆಯ ಪಕ್ಕದಲ್ಲಿ ಇಲ್ಲ, ದೇವರ ಗೂಡಿನಲ್ಲಿ ಇಲ್ಲ, ಕಡೆಗೆ ತನ್ನ ಸೊಂಟದಲ್ಲೇ ಸಿಕ್ಕಿತು. ಬಂದು ಬಾಗಿಲು ತೆರೆದ.

ಲತ ಬೀದಿಯ ತಿರುವಿನಲ್ಲೇ ನಿಂತು ಬಾಗಿಲಿಗೆ ಕೈಮುಗಿದಿದ್ದಳು. ಕೂಸಿನ ಮುಖದ ಮೇಲೆ ಸೆರಗು ಹೊದಿಸಿದ್ದಳು. ಬಾಗಿಲು ತೆರೆದದ್ದನ್ನು ನೋಡಿದ ಕೂಡಲೇ ಬೆನ್ನು ತಿರುಗಿಸಿ, ಚಪ್ಪಲಿಯನ್ನೂ ಮೆಟ್ಟದೆ ಕೈಯಲ್ಲಿ ಹಿಡಿದು, ಕಾರಿನೊಳಗೆ ಕುಳಿತಳು. ಹೋಗುತ್ತೇನೆ ಎಂದು ಕೈ ಬೀಸಲೂ ಇಲ್ಲ. ಅವನು ಲತಾ ಎಂದು ಕೂಗಿಕೊಂಡು ಓಡಿದ. ಬೀದಿಯ ಬಾಗಿಲುಗಳಲ್ಲಿದ್ದ ಹೆಂಗಸರು, ಅಮ್ಮ ಬಂದ ಮನೆಯಿಂದ ಗಂಡಸು ಹೆಸರು ಹಿಡಿದು ಕೂಗುತ್ತಿದ್ದಾನಲ್ಲ ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕಾರು ಹಿಂದಕ್ಕೆ ಹೋಗಿ, ತಿರುಗಿ, ಧೂಳಾಯಿತು.

ಕೂಗು ಕೇಳಿ ಹಿತ್ತಲಿಂದ ಮನೆಯನ್ನು ಬಳಸಿ ಬೀರಮ್ಮ ಬೀದಿಗೆ ಬಂದಳು. ನಾಲ್ಕು ವರ್ಷದ ಮೇಲೆ ಮುಂಬಾಗಿಲನ್ನು ಹೊರಗಿನಿಂದ ನೋಡಿದಳು. ನೋಡಿದವಳು ಸೆರಗು ತಲೆಗೆಳೆದು ಕೈ ಜೋಡಿಸಿದಳು. ಜೋಡಿಸಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು. ನಿಧಾನವಾಗಿ ಗಂಡನ ಕಡೆ ತಿರುಗಿದಳು. ಆಗ ದೊಡ್ಡಬೀರಯ್ಯನೂ, ಬೀದಿಯಲ್ಲಿ ನಿಂತು, ತನ್ನ ಬಾಗಿಲನ್ನು ನೋಡಿದ. ಬೇವಿನ ಸೊಪ್ಪು. ನಿಂಬೆಹಣ್ಣು. ಕೆಂಪು ಕಣ. ಹೊಸಿಲಿಗೆ ತಂಬಿಟ್ಟಿನ ಆರತಿ. ಗಂಜಾಂನ ಬಾಗಿಲು ಎಲ್ಲಿಯೂ ಇರಲಿಲ್ಲ. ಮಾರಮ್ಮ ಬಂದ ಮನೆಗೆ ಇಷ್ಟು ಅಚ್ಚುಕಟ್ಟಾಗಿ ಯಾರೂ ಸಿಂಗಾರ ಮಾಡಿದ್ದನ್ನು ಅವನು ಕಂಡಿರಲಿಲ್ಲ.

ಸಂಜೆ ಕನಕರಾಜುವಿನ ಫೋನು ಬಂತು. ಲತ ಅವನಿಗೆ ಹೇಳಿದ್ದಿಷ್ಟೇ. ಮೊದಲು ಯಾರಿಗೋ ಅಮ್ಮ ಆಗಿದೆ, ಎಳೇ ಕೂಸು ಇಟ್ಟುಕೊಂಡು ಹೋಗಬಾರದು ಅಂದುಕೊಂಡಳಂತೆ. ಕಾರಿನಲ್ಲಿ ಕುಳಿತ ಮೇಲೆ ಆ ದಿನದ ಮಾತು ನೆನಪಾಯಿತಂತೆ. ಅಪ್ಪ ಆಡಿದ ಹಾಗೇ ಮಾಡಿಬಿಟ್ಟ, ಮಾರಮ್ಮನನ್ನು ಕೈಮುಗಿದು ಒಳಗೆ ಕರೆದುಕೊಂಡಿದ್ದಾನೆ, ಅದನ್ನು ನಾನೇ ಕಣ್ಣಾರೆ ನೋಡಲಿ ಅಂತ ಈ ದಿನಕ್ಕೇ ಕಟ್ಟಿದ್ದಾನೆ.

ದೊಡ್ಡಬೀರಯ್ಯ ಎಲ್ಲವನ್ನೂ ಹೇಳಿದ. ಟಗರು ನಕ್ಷತ್ರ ತಿಂದದ್ದು, ಕಿತ್ತಲೆಗೆ ಇರುವೆ ಮುತ್ತಿದ್ದು, ಎಲೆಗೆ ಗರಗಸದ ಹಲ್ಲು ಇದ್ದದ್ದು. ಹೇಳುತ್ತ ಹೇಳುತ್ತ ಅವನಿಗೇ ಅದು ತಾನು ಬೆಂಚಿನ ಮೇಲೆ ಹೇಳುವ ಕಥೆಯ ಹಾಗೆ ಕೇಳಿಸಿತು.

ಕನಕರಾಜು ಆ ಕಡೆಯಿಂದ ಅಂದ, “ನಾನೂ ಅದ್ನೇ ಏಳ್ದೆ ಮಾವ. ಟಗ್ರು ನಕ್ಷತ್ರ ತಿಂತು ಅನ್ನೋಗಂಟ ಕೇಳುದ್ಲು. ಆಮ್ಯಾಕೆ, ಸಾಕು ಬಾವ, ಸಣ್ಣೋಳಿದ್ದಾಗ ಎಲ್ಲಾನೂ ನಂಬ್ದೆ, ಇನ್ನು ಕಥೆ ಬ್ಯಾಡ ಅಂತ ಏಳು ಅಂದ್ಬುಟ್ಲು. ಈಗ ನನ್ನ್ ಫೋನೂ ಎತ್ತಾಕಿಲ್ಲ.”

ಫೋನು ಇಟ್ಟ ದೊಡ್ಡಬೀರಯ್ಯ ನೇರ ಬಾಗಿಲಿಗೆ ಹೋಗಿ ಸಿಂಬಿಗೆ ಕೈ ಹಾಕಿದ. ಬೀರಮ್ಮ ಬಂದು ಅವನ ಮುಂಗೈ ಹಿಡಿದಳು.

“ಕಟ್ಟಿ ಕರ್ದುದ್ದಾಯ್ತು. ಈಗ ಮಾರಮ್ಮನ್ನೂ ಓಗು ಅಂದೀಯಾ? ಈ ಬಾಗ್ಲಿಂದ ಇನ್ನೊಬ್ಬುಳ್ನ ಕಳ್ಸ್‌ಬ್ಯಾಡ. ಬುಡು.”

ಅವನು ಬಿಟ್ಟ.

ಮಾರನೇ ಬೆಳಿಗ್ಗೆ ಪುಟ್ಟಲಕ್ಷ್ಮಮ್ಮ ಮತ್ತೆ ತಂಬಿಗೆ ಹಿಡಿದು ಬಂದಳು. ಹೊಸಿಲ ಮೇಲೆ ಕುಳಿತಿದ್ದ ದೊಡ್ಡಬೀರಯ್ಯನನ್ನು ದೂರದಿಂದಲೇ, ಪಿಸುಮಾತಿನಲ್ಲಿ ಕೇಳಿದಳು, “ಯಾರ್ಗೆ ಬೀರಣ್ಣ?”

“ಯಾರ್ಗೂ ಇಲ್ಲ ಕಣವ್ವ. ಮಗ್ಳು ಬತ್ತಾಳೆ ಅಂತ ಕಟ್ಟಿದ್ದೆ.”

ಪುಟ್ಟಲಕ್ಷ್ಮಮ್ಮ ಅವನ ಮುಖ ನೋಡಿದಳು. ಊರಿನ ಪದ್ಧತಿಯಂತೆ ಆ ಮಾತನ್ನು ಅರ್ಧ ಮುರಿದಳು, ಮತ್ತೆ ಅರ್ಧ ಮುರಿದಳು. ಯಾರಿಗೋ ಜೋರಾಗಿಯೇ ಆಗಿರಬೇಕು, ಹೇಳಲಾರ ಅಂದುಕೊಂಡಳು. ಕನಿಕರದಿಂದ ತಲೆಯಾಡಿಸಿ, ಅರಿಶಿನದ ನೀರನ್ನು ಸದ್ದಾಗದಂತೆ ಹುಯ್ದು, ಹೋಗಿ ಬರುತ್ತೇನೆ ಎಂದು ಹೇಳದೆ ಹೊರಟುಹೋದಳು.

ಒಳಗೆ ನಡುಮನೆಯಲ್ಲಿ ಟಗರು ಮತ್ತೆ ಹಗ್ಗ ಬಿಡಿಸಿಕೊಂಡಿತ್ತು. ಗೋದಲಿಯ ಮೇಲಿನ ಸೀರೆಯನ್ನು ಮೂತಿಯಿಂದ ಪಕ್ಕಕ್ಕೆ ತಳ್ಳಿ, ಕಂಬಳಿಯ ತುಂಡನ್ನೂ ತಳ್ಳಿ, ಕೆಳಗಿನ ಹೊಸ ಹುಲ್ಲನ್ನು ಅವಸರವಿಲ್ಲದೆ ಮೇಯುತ್ತಿತ್ತು. ದೊಡ್ಡಬೀರಯ್ಯ ನೋಡಿದ, ಏಳಲಿಲ್ಲ. ಅದು ತಿಂದು ಮುಗಿಸುವ ಸದ್ದನ್ನು ಕೇಳುತ್ತ ಕುಳಿತ.